ಮುನ್ಸ್ಯಾರಿಗೆಂದು ಹೊಲಿದ ಕೋಟುಗಳು

ಮುನ್ಸ್ಯಾರಿಗೆ ಹೋಗುವ ದಾರಿ ನನ್ನನ್ನು ಕೇಳಿ. ರಾಯದುರ್ಗದಲ್ಲಿ ಬಸ್ಸು ಹತ್ತಿ ಗುಂತಕಲ್ಲು. ಗುಂತಕಲ್ಲಿನಿಂದ ದಿಲ್ಲಿಗೆ ರೈಲು. ದಿಲ್ಲಿ ಬರುವಷ್ಟರಲ್ಲಿ ಎದುರು ಸೀಟಿನವರ ಜೊತೆ ನೆಂಟಸ್ತನ ಬೆಳೆದು, ಮಕ್ಕಳ ಮದುವೆ ಮಾತುಕತೆ ಮುಗಿದು, ಒಂದು ಸಣ್ಣ ಜಗಳವೂ ಆಗಿರುತ್ತದೆ. ದಿಲ್ಲಿಯಿಂದ ಕಾಠಗೋದಾಮ್. ಅಲ್ಲಿ ರೈಲು ಎದುರಿಗಿರುವ ಗುಡ್ಡವನ್ನು ನೋಡಿ, ನನ್ನ ಕೈಲಾಗದು ಎಂದು ನಿಂತುಬಿಡುತ್ತದೆ. ಅಲ್ಲಿಂದ ಜೀಪು. ಹಗ್ಗ ಹೊಸೆದ ಹಾಗೆ ತಿರುಗುವ ರಸ್ತೆ, ಅದರ ಜೊತೆ ಹೊಟ್ಟೆಯೊಳಗೆ ನಿಮ್ಮ ಕರುಳೂ. ನಡುವೆ ಒಂದೂರಲ್ಲಿ ರಾತ್ರಿ ತಂಗಿ, ಮರುದಿನ ಮತ್ತೆ ಜೀಪು. ಕೊನೆಗೆ ಗುಡ್ಡದ ನೆತ್ತಿಯ ಮೇಲೊಂದು ಗುಡಿ, ಗುಡಿಯ ತುಂಬ ಗಂಟೆಗಳು. ಆ ಗುಡಿ ದಾಟಿ ಒಂದು ತಿರುವು ಇಳಿದರೆ ಊರು, ಊರಿನ ಎದುರಿಗೆ ಸಾಲಾಗಿ ಐದು ಹಿಮದ ಶಿಖರ.

ನಾನು ಅಲ್ಲಿಗೆ ಹೋಗಿಲ್ಲ. ನಮ್ಮ ಮನೆಯವರು ಯಾರೂ ಹೋಗಲಿಲ್ಲ.

ಆ ಊರು ನಮ್ಮ ಮನೆಗೆ ಬಂದದ್ದು ಒಂದು ಕ್ಯಾಲೆಂಡರಿನಿಂದ. ಅಪ್ಪ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್. ರಾಯದುರ್ಗದ ಒಂದು ಶೆಡ್ಡಿನಲ್ಲಿ ಬಟ್ಟೆಯನ್ನು ಹಾಸಿಗೆಯ ಹಾಗೆ ಪದರ ಪದರವಾಗಿ ಹಾಸಿ, ಮೇಲೆ ಚಾಕಿನಿಂದ ಗುರುತು ಹಾಕಿ, ಕರೆಂಟಿನ ಮಿಷನ್ನಿನಿಂದ ಅಷ್ಟೂ ಪದರವನ್ನು ಒಂದೇ ಸಲ ಕತ್ತರಿಸುವುದು ಅವನ ಕೆಲಸ. ದಕ್ಷಿಣ ಭಾರತದ ಅರ್ಧ ಜನದ ಕಾಲಳತೆ ನಮ್ಮಪ್ಪನಿಗೆ ಗೊತ್ತು ಎಂದು ನಾನು ಕಾಲೇಜಿನಲ್ಲಿ ಹೇಳಿಕೊಂಡು ತಿರುಗುತ್ತೇನೆ. ಅರ್ಧ ಅಲ್ಲ ಎಂದು ಯಾರೂ ಇಲ್ಲಿಯತನಕ ಎಣಿಸಿ ತೋರಿಸಿಲ್ಲ. ಆ ಶೆಡ್ಡಿಗೆ ಯಾರೋ ದಾರದ ವ್ಯಾಪಾರಿ ಕೊಟ್ಟ ಕ್ಯಾಲೆಂಡರಿನಲ್ಲಿ ಮುನ್ಸ್ಯಾರಿಯ ಚಿತ್ರವಿತ್ತು. ವರ್ಷ ಮುಗಿದರೂ ಅಪ್ಪ ಅದನ್ನು ತೆಗೆಯಲು ಬಿಡಲಿಲ್ಲ. ಚಿತ್ರದ ಕೆಳಗೇ ಹೊಸ ವರ್ಷದ ತಾರೀಖಿನ ಹಾಳೆ ಹೊಲಿದುಕೊಂಡ.

ಕಳೆದ ಬೇಸಿಗೆಗೆ ಮುಂಚೆ ಅಪ್ಪ ಶೆಡ್ಡಿನ ಬಾಗಿಲಿಗೆ ಭುಜ ಬಡಿದುಕೊಳ್ಳಲು ಶುರುಮಾಡಿದ. ಬಾಗಿಲು ಸಣ್ಣದಾಗಿದೆ ಎಂದು ಅವನು, ನಿನ್ನ ಹೊಟ್ಟೆ ದೊಡ್ಡದಾಗಿದೆ ಎಂದು ನಾನು. ಬಳ್ಳಾರಿಯ ಕಣ್ಣಿನ ಡಾಕ್ಟರು ಇಬ್ಬರ ಮಾತನ್ನೂ ಒಪ್ಪಲಿಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ, ಸುತ್ತಲಿನ ನೋಟ ಹೋಗಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಡ್ರಾಪ್ಸ್ ಹಾಕಿ, ಅದು ಎಷ್ಟು ದಿನ ಉಳಿಯುತ್ತದೆ ಎಂದು ಹೇಳಲಾರೆ ಎಂದರು. ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ, ನಿಮಗೆ ಹೇಗೆ ಕಾಣುತ್ತದೆ ಎಂದು ಅವ್ವ ಕೇಳಿದಳು. ಗುಂಡಿ ಹಾಕುವ ಕಾಜಾದ ತೂತಿನಿಂದ ನೋಡಿದ ಹಾಗೆ ಎಂದ ಅಪ್ಪ. ಮಿರ್ಚಿಯ ತೊಟ್ಟನ್ನು ತಿರುಗಿಸುತ್ತಾ, ಯಾರನ್ನೂ ನೋಡದೆ ಅಂದ: "ಆ ಕ್ಯಾಲೆಂಡರಿನ ಊರೈತಲ್ಲ, ಆ ಹಿಮ ಒಂದ್ಸಲ ನೋಡಬೇಕನಸ್ತೈತಿ. ಕಾಜಾ ಮುಚ್ಚಿ ಹೋಗಾದ್ರೊಳಗ."

ನಮ್ಮಪ್ಪ ಆವರೆಗೆ ಯಾವುದನ್ನೂ ಬೇಕು ಅಂದವನಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಇನ್ನೊಂದು ತುತ್ತು ಹೆಚ್ಚು ಉಣ್ಣುವ ಜಾತಿಯವನು. ಅವ್ವ ಮಂಡಕ್ಕಿ ಬಿಟ್ಟು ಎದ್ದು ಹೋಗಿ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದಳು.

ಆವತ್ತಿನಿಂದ ನಾನು ಟೂರ್ ಮ್ಯಾನೇಜರ್. ಇಂಟರ್ ಎರಡನೇ ವರ್ಷದ ಓದನ್ನು ಕಪಾಟಿನಲ್ಲಿಟ್ಟು, ಮೊದಲು ಊರಿನಲ್ಲಿ ಯಾತ್ರೆ ಬಸ್ಸು ನಡೆಸುವವರನ್ನು ಕಂಡೆ. ಅಡುಗೆಯವರು, ಗ್ಯಾಸ್ ಒಲೆ, ಹಪ್ಪಳ ಸಮೇತ ಕಾಶಿಗೆ ಹೋಗಿ ಬರುವ ಬಸ್ಸು ಅದು. ಮುನ್ಸ್ಯಾರಿ ಎಂದೊಡನೆ ಅವರು ಕೇಳಿದ್ದು ಒಂದೇ:

"ಅಲ್ಲಿ ಯಾವ ದೇವ್ರೈತಮ್ಮಾ?"

"ದೇವ್ರಿಲ್ರಿ. ಗುಡ್ಡ ಐತ್ರಿ."

"ಗುಡ್ಡ ನೋಡಾಕ ಅಷ್ಟ್ ದೂರ ಯಾಕ? ಕತ್ತೆತ್ತಿ ನೋಡು, ನಮ್ಮೂರ ಕ್ವಾಟಿ ಗುಡ್ಡ ಕಾಣ್ತತಿ."

ಅಲ್ಲಿಗೆ ಎಲ್ಲವನ್ನೂ ನಾವೇ ಮಾಡಿಕೊಳ್ಳುವುದು ಎಂದಾಯಿತು. ಹಿಂದಿ ವಿಡಿಯೋಗಳನ್ನು ನೋಡಿ ನೋಡಿ ನನ್ನ ಹಿಂದಿ ಎಷ್ಟು ಬೆಳೆಯಿತೆಂದರೆ ನಿದ್ದೆಯಲ್ಲಿ ಬೈಯುವಾಗಲೂ ಹಿಂದಿಯೇ ಬರುತ್ತಿತ್ತು ಎಂದು ಅವ್ವ ಹೇಳಿದಳು. ಮುನ್ಸ್ಯಾರಿಯಲ್ಲಿ ಮನೆಯಲ್ಲೇ ಎರಡು ರೂಮು ಬಾಡಿಗೆಗೆ ಕೊಡುವ ಒಬ್ಬ ಹೆಂಗಸಿನ ನಂಬರು ಸಿಕ್ಕಿತು. ಫೋನಿನಲ್ಲಿ ಆಕೆಯ ಹಿಂದಿ ಗುಡ್ಡ ಇಳಿಯುವ ನೀರಿನ ಹಾಗೆ, ನನ್ನದು ರಾಯದುರ್ಗದ ನಲ್ಲಿ ನೀರಿನ ಹಾಗೆ: ಮೊದಲು ಗಾಳಿ, ಆಮೇಲೆ ಎರಡು ಹನಿ. ಆದರೂ ಆಕೆಗೆ ಅರ್ಥವಾಯಿತು. ಅಪ್ಪನ ಕಣ್ಣಿನ ವಿಷಯ ಹೇಳಿದೆ. ಮೂಲೆಯ ರೂಮು ಕೊಡುತ್ತೇನೆ, ಮಂಚದ ಕಾಲ ಬಳಿಯೇ ಕಿಟಕಿ ಇದೆ, ಎದ್ದು ಕೂತರೆ ಸಾಕು, ಐದೂ ಶಿಖರ ಎದುರಿಗೇ ನಿಂತಿರುತ್ತವೆ, ನಿಮ್ಮಪ್ಪ ಎಲ್ಲೂ ಹುಡುಕಬೇಕಾಗಿಲ್ಲ ಎಂದಳು. ದೀಪಾವಳಿ ಕಳೆದ ಮೇಲೆ ಬನ್ನಿ, ಆಗ ಮೋಡ ಇರುವುದಿಲ್ಲ ಎಂದಳು. ಅದು ನಮಗೂ ಸರಿಹೋಯಿತು. ದೀಪಾವಳಿ ಆಗುವವರೆಗೆ ಶೆಡ್ಡಿನಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆದ ಮೇಲೆ ಕೆಲಸ ತಣ್ಣಗಾಗುತ್ತದೆ. ರೈಲಿನ ಟಿಕೆಟ್ಟೂ ಆಯಿತು.

ಫೋನಿಡುವ ಮುಂಚೆ ಆಕೆ ಒಂದು ಮಾತು ಹೇಳಿದಳು. ಜೀನ್ಸ್ ಮಾತ್ರ ತರಬೇಡಿ, ಹಿಮಕ್ಕೆ ಒದ್ದೆಯಾದರೆ ಒಣಗುವುದಿಲ್ಲ, ಇಲ್ಲಿ ಉಣ್ಣೆಯದು ತೆಗೆದುಕೊಳ್ಳಿ.

ಇದನ್ನು ಹೇಳಿದಾಗ ಅಪ್ಪ ನಕ್ಕ. ಪಾಪ, ಆಕೆ ರಾಯದುರ್ಗದ ಜೀನ್ಸ್ ನೋಡಿಲ್ಲ ಎಂದ. ಬಟ್ಟೆಯ ಊರಲ್ಲಿ ಹುಟ್ಟಿ, ಮನೆಯಲ್ಲಿ ಎರಡು ಹೊಲಿಗೆ ಮಿಷನ್ನು ಇಟ್ಟುಕೊಂಡು, ಕಂಡವರು ಹೊಲಿದ ಕೋಟು ಹಾಕಿಕೊಂಡು ಹೋದರೆ ಆ ಗುಡ್ಡ ಏನಂದುಕೊಂಡೀತು ಎಂದ. ಹಾಗಾಗಿ ಹಿಮದ ಕೋಟುಗಳನ್ನೂ ನಾವೇ ಹೊಲಿಯುವುದೆಂದು ಆಯಿತು. ಮೇಲೆ ಜೀನ್ಸ್, ಒಳಗೆ ಹಳೆಯ ಕಂಬಳಿ, ನಡುವೆ ಶೆಡ್ಡಿನ ಕತ್ತರಿಸಿದ ಚಿಂದಿ. ಭಾರ ಎಷ್ಟಾಗಬಹುದು ಎಂದು ನಾನು ಕೇಳಿದೆ. ಗಾಳಿ ಬೀಸಿದರೆ ನೀನು ಹಾರಿಹೋಗುವುದಿಲ್ಲ, ಅಷ್ಟು ಎಂದ ಅಪ್ಪ.

ಅವ್ವನ ತಮ್ಮ, ಮಡಕಶಿರದ ಮಾವ, ಹೇಗೋ ಸುದ್ದಿ ತಿಳಿದು ತಾನೂ ಬರುತ್ತೇನೆ ಎಂದು ಗಂಟುಬಿದ್ದ. ಅವನು ಗುಡಿಬಂಡೆ ರಸ್ತೆಯಲ್ಲಿ ರೇಷ್ಮೆ ಹುಳು ಸಾಕುತ್ತಾನೆ. ಹುಳುಗಳನ್ನು ಬಿಟ್ಟು ಒಂದು ದಿನ ಮದುವೆಗೂ ಹೋಗದವನು ಇಪ್ಪತ್ತು ಮೈಲಿ ಆಚೆಯ ಊರಿನ ಹೆಸರೂ ಸರಿಯಾಗಿ ಹೇಳಲಾರ. ಆದರೂ ಕೋಟು ಮೂರಲ್ಲ, ನಾಲ್ಕು ಎಂದಾಯಿತು.

ಅಪ್ಪ ಒಂದು ಭಾನುವಾರ ಮನೆಯಲ್ಲೇ ಕಟಿಂಗಿಗೆ ಕೂತ. ಬಟ್ಟೆ ಶೆಡ್ಡಿನಲ್ಲಿ ಉಳಿದ ತುಂಡುಗಳು. ಬೆಕ್ಕಿನ ಹೊಟ್ಟೆಯಷ್ಟು ಮೆತ್ತಗಿನ ಜೀನ್ಸ್. ಒಂದರ ಮೇಲೊಂದು ಹಾಸಿದ. ನಾನು ಅಟ್ಟೆಯನ್ನು, ಎಂದರೆ ತುಂಡಿನ ಆಕಾರಕ್ಕೆ ಕತ್ತರಿಸಿದ ರಟ್ಟನ್ನು, ಹಿಡಿದುಕೊಂಡು, ಕ್ರಿಕೆಟ್ ಕಾಮೆಂಟರಿಯ ಹಾಗೆ ಪ್ರತಿ ಕತ್ತರಿ ಹೊಡೆತವನ್ನೂ ವಿವರಿಸುತ್ತಿದ್ದೆ. ಕತ್ತರಿ ಹೋಗುವ ಸದ್ದು ನಮ್ಮ ಮನೆಯಲ್ಲಿ ದೇವರ ಗಂಟೆಯ ಹಾಗೆ. ಅಪ್ಪನ ಕತ್ತರಿ ಎಲ್ಲೂ ತಡವರಿಸಲಿಲ್ಲ. ಅಂಚು ಎಷ್ಟು ನುಣುಪಾಗಿತ್ತೆಂದರೆ ಅವ್ವ ಬಂದು, ನಾಲ್ಕು ಕೋಟಿನ ತುಂಡುಗಳನ್ನು ಕಟ್ಟಿಡುತ್ತಾ, ಕಣ್ಣಿಲ್ಲದವರು ಯಾರು ನೋಡೋಣ ಎಂದಳು. ಅಪ್ಪನ ಮುಖ ಅರಳಿತು.

ಹೊಲಿಗೆಗೆ ಮುಂಚೆ ಮಡಕಶಿರಕ್ಕೆ ಹೋಗಿ ಬರಬೇಕಿತ್ತು. ದೂರದ ಪ್ರಯಾಣಕ್ಕೆ ಮೊದಲು ತವರಿನಲ್ಲಿ ಒಂದು ಹೊತ್ತು ಉಂಡು, ಅಲ್ಲಿಂದ ಮಡಿಲಿಗೆ ಎಲೆ ಅಡಿಕೆ ಹಾಕಿಸಿಕೊಂಡು ಹೋಗದಿದ್ದರೆ ಹೋದ ದಾರಿ ಮನೆಗೆ ತಿರುಗುವುದಿಲ್ಲ ಎಂಬುದು ಅವ್ವನ ಕಡೆಯ ಪದ್ಧತಿ. ನನ್ನ ಲೆಕ್ಕ ಬೇರೆ ಇತ್ತು: ಅಪ್ಪನಿಗೆ ಏರು ಹತ್ತುವ ಅಭ್ಯಾಸ ಮಾಡಿಸಬೇಕು. ರಾಯದುರ್ಗದ ಗುಡ್ಡ ಮನೆಯ ಹಿಂದೆಯೇ ಇದ್ದರೂ ಅಪ್ಪ ಅದನ್ನು ಹತ್ತಲು ಒಪ್ಪಲಿಲ್ಲ. ಎಲ್ಲಾದರೂ ಎಡವಿದ್ದನ್ನು ಒಬ್ಬ ನೋಡಿದರೆ ಸಂಜೆಯೊಳಗೆ ಎಲ್ಲ ಶೆಡ್ಡಿಗೂ ಗೊತ್ತಾಗುತ್ತದೆ. ಕಣ್ಣು ಸರಿಯಿಲ್ಲದ ಕಟಿಂಗ್ ಮಾಸ್ಟರ್‌ನ ಕೈಗೆ ಬಟ್ಟೆ ಯಾರು ಕೊಡುತ್ತಾರೆ? ಮಡಕಶಿರದಲ್ಲಿ ಅವನನ್ನು ಬಲ್ಲವರು ಕಡಿಮೆ.

ಕಲ್ಯಾಣದುರ್ಗದಲ್ಲಿ ಇಳಿದು, ಪಾವಗಡದಲ್ಲಿ ಮತ್ತೆ ಇಳಿದು, ಮಾವನ ಮನೆ ಸೇರುವಾಗ ಹೊತ್ತು ಮುಳುಗಿತ್ತು. ಮುದ್ದೆ, ಹುರುಳಿಕಾಳಿನ ಸಾರು. ಮಾವ ಉಣ್ಣುವಾಗಲೂ ಏನನ್ನೋ ಕಾಯುತ್ತಿದ್ದ. ಆಗಾಗ ಗೋಡೆ ತಟ್ಟುತ್ತಿದ್ದ. ನನಗೆ ಗೊತ್ತಿತ್ತು. ಅವನು ಮನೆಗೆ ಹೊಸ ಬಣ್ಣ ಹೊಡೆಸಿದ್ದ. ಮುಂಚೆ ಹಸಿರು ಇದ್ದ ಮನೆ ಈಗ ಗುಲಾಬಿ. ಗುಲಾಬಿ ಎಂದರೆ ಅಂತಿಂಥದ್ದಲ್ಲ, ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ತೂರಿಬರುವ ಗುಲಾಬಿ. ಯಾರಾದರೂ ಹೊಗಳಲಿ ಎಂದು ಅವನ ಆಸೆ. ಅದಕ್ಕೇ ನಾನು ಬೇಕೆಂದೇ ಸುಮ್ಮನಿದ್ದೆ. ಅಪ್ಪನೂ ಸುಮ್ಮನಿದ್ದ; ಅವನೂ ಬೇಕೆಂದೇ ಎಂದುಕೊಂಡೆ.

ಬೆಳಗ್ಗೆ ಮಡಕಶಿರದ ಕೋಟೆ ಗುಡ್ಡ. ಅಪ್ಪ ಚೆನ್ನಾಗಿಯೇ ಹತ್ತಿದ. ಒಂದು ಕೈ ಬಂಡೆಯ ಮೇಲೆ, ಒಂದು ಕೈ ಮಾವನ ಹೆಗಲ ಮೇಲೆ. ಏದುಸಿರು ಬಿಟ್ಟದ್ದು ಮಾವ. ಹುಳುಗಳಿಗೆ ಸೊಪ್ಪು ಹಾಕುವ ಮನುಷ್ಯ ಹುಳುವಿಗಿಂತ ನಿಧಾನವಾಗಿ ಹತ್ತಿದರೆ ಹೇಗೆ ಎಂದು ನಾನು ಅಂದೆ. ಮುನ್ಸ್ಯಾರಿಯಲ್ಲಿ ನಿನ್ನನ್ನು ಮಂಜಿನೊಳಗೆ ಹೂತು ಬರುತ್ತೇನೆ ಎಂದು ಅವನು. ಮೇಲೆ ಹೋದಾಗ ಬಿಸಿಲು ಚೆನ್ನಾಗಿ ಬಿದ್ದಿತ್ತು, ಕೆಳಗೆ ಊರೆಲ್ಲ ತಟ್ಟೆಯಲ್ಲಿಟ್ಟ ಹಾಗೆ. ಮಾವ ಇನ್ನು ತಡೆಯಲಾರದೆ ಕೇಳಿದ:

"ಬಾವಾ, ನಮ್ಮನೆ ಕಾಣ್ತೈತಾ?"

ಅಪ್ಪ ಕತ್ತನ್ನು ಆಚೆ ಈಚೆ ಸರಿಸಿ, ಸರಿಯಾದ ದಿಕ್ಕಿಗೇ ಬೆರಳು ತೋರಿಸಿದ. "ಕಾಣದ ಏನು? ಅಕಾ ಅಲ್ಲಿ. ಹಸರು ಬಣ್ಣ ಎದ್ದು ಕಾಣ್ತತಿ."

ನಾನು ಬಂಡೆಯ ಮೇಲೆ ಉರುಳಾಡಿ ನಕ್ಕೆ. ಇಂಥ ಪೆಟ್ಟು ನನ್ನಿಂದಲೂ ಸಾಧ್ಯವಿರಲಿಲ್ಲ. ಮಾವನ ಮುಖ ಅವನ ಮನೆಯಷ್ಟೇ ಗುಲಾಬಿಯಾಯಿತು. "ಬಾವಾ, ನೀವೂ ಈ ಹುಡ್ಗಿ ಜತೆ ಸೇರ್ಕೊಂಡು ಕೆಟ್ಟೋದ್ರಿ ಕಣ್ರಿ," ಎಂದ. ಅಪ್ಪನೂ ನಕ್ಕ. ನಾನು ನಗುವುದನ್ನು ಕೇಳಿಸಿಕೊಂಡು, ಸ್ವಲ್ಪ ತಡವಾಗಿ.

ತಿರುಗಿ ಬರುವಾಗ ಪಾವಗಡ ದಾಟಿದ ಮೇಲೆ ಅಪ್ಪ ಮೆಲ್ಲಗೆ ಕೇಳಿದ, ಮಾವನ ಮನೆ ಈಗ ಯಾವ ಬಣ್ಣ ಇದೆ ಎಂದು. ತಮಾಷೆ ಮುಂದುವರಿದಿದೆ ಎಂದುಕೊಂಡು ನಾನು ಗುಲಾಬಿಯನ್ನು ಎಳೆದು ಎಳೆದು ಹೇಳಿದೆ: ರೇಷ್ಮೆ ಹುಳುಗಳಿಗೆ ರಾತ್ರಿ ನಿದ್ದೆ ಬರುತ್ತಿಲ್ಲವಂತೆ, ಊರ ಎಮ್ಮೆಗಳು ದಾರಿ ಬದಲಿಸಿವೆಯಂತೆ. "ಹೌದಾ," ಅಂದ ಅಪ್ಪ. ಕಲ್ಯಾಣದುರ್ಗದವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಗುಡ್ಡ ಹತ್ತಿ ದಣಿದಿದ್ದಾನೆ ಎಂದು ಅವ್ವ ಅವನ ತಲೆಯ ಹಿಂದೆ ತನ್ನ ಸೆರಗನ್ನು ಮಡಚಿ ಇಟ್ಟಳು.

ಮರುದಿನ ಬೆಳಗ್ಗೆ ಅವ್ವ ಹೊಲಿಗೆಗೆ ಕೂತಳು. ಅಪ್ಪ ಹೊಸ್ತಿಲ ಬಳಿ ಚಾ ಕುಡಿಯುತ್ತಿದ್ದ. ಮೊದಲ ಕೋಟಿನ ಬೆನ್ನು, ಎದೆ ಕೂಡಿದವು. ಎಡತೋಳು ಕೂಡಿತು. ಬಲತೋಳನ್ನು ತೆಗೆದುಕೊಂಡಳು, ತಿರುಗಿಸಿದಳು, ಕೆಳಗಿಟ್ಟಳು. ಇನ್ನೊಂದನ್ನು ತೆಗೆದುಕೊಂಡಳು. ಅದನ್ನೂ ತಿರುಗಿಸಿದಳು. ಆಮೇಲೆ ಇಡೀ ಕಟ್ಟನ್ನು ಬಿಚ್ಚಿ ತೋಳುಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹಾಸಿದಳು.

"ಏನ್ರಿ, ಬಲದ ತೋಳೆಲ್ಲಿ ಅದಾವ?"

"ಅಲ್ಲೇ ಇರಬೇಕು ನೋಡು."

"ಇಲ್ರಿ. ಎಲ್ಲಾ ಎಡದವ ಅದಾವ."

ನಾನು ನಗಲು ಬಾಯಿ ತೆರೆದವಳು ಅವ್ವನ ಮುಖ ನೋಡಿ ಮುಚ್ಚಿದೆ. ಹೊಲಿಗೆ ಬಾರದವರಿಗೆ ಹೇಳುತ್ತೇನೆ. ಎಡತೋಳು ಬಲತೋಳು ಎರಡೂ ಬರುವುದು ಒಂದೇ ಅಟ್ಟೆಯಿಂದ. ಬಟ್ಟೆ ಹಾಸುವಾಗ ಒಂದು ಪದರದ ಸೀದಾ ಮೇಲೆ ಮಾಡಿ, ಮುಂದಿನದನ್ನು ಉಲ್ಟಾ ಹಾಕಬೇಕು. ಆಗ ಜೋಡಿ ಸಿಗುತ್ತದೆ. ಇದು ಕೆಲಸ ಕಲಿಯಲು ಬಂದವರಿಗೆ ಮೊದಲ ವಾರ ಹೇಳಿಕೊಡುವ ಪಾಠ. ಜೀನ್ಸಿನಲ್ಲಂತೂ ತಪ್ಪಲು ಸಾಧ್ಯವೇ ಇಲ್ಲ. ಸೀದಾ ಗಾಢ ನೀಲಿ, ಉಲ್ಟಾ ಬಿಳಿ. ಮಗುವಿಗೂ ಕಾಣುತ್ತದೆ; ಕಾಮೆಂಟರಿಯಲ್ಲಿ ಮುಳುಗಿದ್ದ ನನಗೆ ಕಾಣಲಿಲ್ಲ.

ಅಪ್ಪ ಒಳಗೆ ಬಂದು ಕೂತ. ನೀನೇ ತಿರುಗಾ ಮುರುಗಾ ಹಿಡಿದಿರಬೇಕು ಎಂದ, ನಗುತ್ತಲೇ. ಅವ್ವ ಒಂದು ತೋಳನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಉಜ್ಜಿದ. ತಿರುಗಿಸಿ ಉಜ್ಜಿದ. ಮತ್ತೆ ತಿರುಗಿಸಿದ. ಬಾಗಿಲಿನಿಂದ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಮೇಲಿದ್ದದ್ದು ಬಿಳಿಯ ಮೈ.

"ಇದು ಸೀದಾ ಅಲ್ಲೇನು?" ಅಂದ.

ಅವ್ವ ತೋಳನ್ನು ಅವನ ಕೈಯಲ್ಲೇ ಮೆಲ್ಲಗೆ ತಿರುಗಿಸಿ, ನೀಲಿ ಮೇಲೆ ಮಾಡಿದಳು. ಅದೇ ಉತ್ತರವಾಯಿತು.

ಆಮೇಲೆ ಒಂದೊಂದಾಗಿ ಹೊರಬಂತು. ಯುಗಾದಿ ಆದ ಮೇಲೆ ಕಾಜಾದ ತೂತಿನೊಳಗೂ ಮಬ್ಬು ಕಟ್ಟಿತಂತೆ. ಬಿಸಿಲು, ನೆರಳು ಗೊತ್ತಾಗುತ್ತದೆ. ಮುಖ ಹತ್ತಿರ ಬಂದರೆ ಗೊತ್ತಾಗುತ್ತದೆ. ಬಣ್ಣ ಬಣ್ಣವಾಗಿ ನಿಲ್ಲುವುದಿಲ್ಲ. ಹಾಗಾದರೆ ಶೆಡ್ಡಿನಲ್ಲಿ ಇಷ್ಟು ದಿನ ಹೇಗೆ ಕತ್ತರಿಸಿದಿರಿ ಎಂದು ಅವ್ವ ಕೇಳಿದಳು.

"ಬಟ್ಟಿ ಬೆರಳಿಗೆ ಹೇಳತೈತಿ. ಸೀದಾ ಒಂಥರ, ಉಲ್ಟಾ ಒಂಥರ," ಅಂದ ಅಪ್ಪ. "ಈ ಲಾಟಿಂದು ಎರಡೂ ಕಡಿ ಮೆತ್ತಗೈತಿ. ಏನೂ ಹೇಳಲಿಲ್ಲ."

ಅವ್ವ ರಾಯದುರ್ಗಕ್ಕೆ ಬಂದು ನಮ್ಮ ಮಾತು ಕಲಿತವಳು; ಸಿಟ್ಟು ಬಂದರೆ, ಹೆದರಿದರೆ ಮಾತ್ರ ಮಡಕಶಿರ ತಿರುಗಿ ಬರುತ್ತದೆ. ಆವತ್ತು ಬಂತು. "ಆ ಕರೆಂಟ್ ಮಿಷನ್ ಮುಂದೆ ಬೆರಳಿಟ್ಕಂಡು ಕುಂತಿದ್ರಾ ಇಷ್ಟ್ ದಿನ? ನಾಳೆಯಿಂದ ಅದನ್ನ ಮುಟ್ಟಂಗಿಲ್ಲ ನೀವು. ಆಯ್ತಾ?" ಎಂದಳು. ಅಪ್ಪ ಆಯಿತು ಎಂಬಂತೆ ತಲೆ ಆಡಿಸಿದ. ಚಾ ಲೋಟ ಎಲ್ಲಿಟ್ಟಿದ್ದೆ ಎಂದು ಕೈಯಿಂದ ಹುಡುಕುತ್ತಿದ್ದ. ಅದು ಹೊಸ್ತಿಲ ಬಳಿಯೇ ಉಳಿದಿತ್ತು.

ಬಳ್ಳಾರಿಗೆ ಮತ್ತೆ ಹೋದೆವು. ಡಾಕ್ಟರು ಡ್ರಾಪ್ಸ್ ಬದಲಿಸಿದರು. ಅದಕ್ಕಿಂತ ಹೆಚ್ಚು ಹೇಳಲು ಅವರ ಬಳಿಯೂ ಏನಿರಲಿಲ್ಲ. ಬಸ್ಸಿನಲ್ಲಿ ನಾನು ವಾದಕ್ಕಿಳಿದೆ. ದೀಪಾವಳಿ ಯಾಕೆ, ನಾಳೆಯೇ ಹೊರಡೋಣ. ಉಳಿದಿರುವ ಚೂರಿನಲ್ಲೇ ನೋಡು. ಶಿಖರ ಅಷ್ಟು ದೊಡ್ಡದು, ಬಿಸಿಲು ಬಿದ್ದರೆ ಬೆಂಕಿಯ ಹಾಗೆ ಹೊಳೆಯುತ್ತದೆ, ಕಾಣದೆ ಹೇಗಿರುತ್ತದೆ? ವಿಡಿಯೋದಲ್ಲಿ ನೋಡಿದ್ದಕ್ಕೆಲ್ಲ ಇನ್ನಷ್ಟು ಎತ್ತರ ಸೇರಿಸಿ ಹೇಳಿದೆ. ಮಾತಿನಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಅಪ್ಪ ಮುಗಿಯುವತನಕ ಕೇಳಿದ.

"ಕಾಣದಿದ್ರ ಏನ್ ಮಾಡ್ಲಿ ಯವ್ವಾ? ಅಷ್ಟ್ ದೂರ ಹೋಗಿ, ನೀವೆಲ್ಲ ನೋಡಾದು, ನಾ ನಿಮ್ಮ ದನಿ ಕೇಳಿ ಹೌದು ಹೌದು ಅನ್ನಾದು. ಮಡಕಶಿರದಾಗ ಅಂದೆನಲ್ಲ, ಹಸರು ಎದ್ದು ಕಾಣ್ತತಿ ಅಂತ. ಒಂದ್ಸಲ ಅಂದಿದ್ದು ಸಾಕು."

ರಾಯದುರ್ಗ ಬರುವ ಮುಂಚೆಯೇ ನಾನು ಫೋನಿನಲ್ಲಿ ಟಿಕೆಟ್ಟಿನ ಪುಟ ತೆಗೆದೆ.

ಟಿಕೆಟ್ ರದ್ದಾಯಿತು. ಮುನ್ಸ್ಯಾರಿಯ ಹೆಂಗಸಿಗೆ ಫೋನು ಮಾಡಬೇಕಿತ್ತು. ಮೂರು ಸಲ ನಂಬರು ಒತ್ತಿ ಮೂರು ಸಲ ಕತ್ತರಿಸಿದೆ. ಕೊನೆಗೆ ಹೇಳಿದೆ. ಆಕೆಗೆ ನನ್ನ ಹಿಂದಿ ಸರಿಯಾಗಿ ತಿಳಿಯಲಿಲ್ಲವೋ ಏನೋ, ಕೆಲಸದ ತೊಂದರೆ ಎಂದುಕೊಂಡಳು. ಚಿಂತೆ ಮಾಡಬೇಡ ಮಗಳೇ, ಕಿಟಕಿ ಎಲ್ಲಿಗೆ ಹೋಗುತ್ತದೆ, ಶಿಖರ ಎಲ್ಲಿಗೆ ಹೋಗುತ್ತದೆ, ಮುಂದಿನ ವರ್ಷ ಕರೆದುಕೊಂಡು ಬಾ ಎಂದಳು. ತಿದ್ದಿ ಹೇಳುವಷ್ಟು ಹಿಂದಿ ನನಗೆ ಬರುತ್ತಿತ್ತು. ಹೇಳಲಿಲ್ಲ.

ಬಟ್ಟೆ ಹಾಳಾಗುವುದನ್ನು ಅವ್ವ ಸಹಿಸುವುದಿಲ್ಲ. ನಾಲ್ಕು ಎಡತೋಳುಗಳನ್ನು ಒಳಗಿನ ಮೈ ಹೊರಗೆ ಬರುವಂತೆ ಮಗುಚಿ, ಬಲಕ್ಕೆ ಕೂಡಿಸಿದಳು. ಹಾಗಾಗಿ ನಮ್ಮ ಕೋಟುಗಳಿಗೆ ಎಡತೋಳು ನೀಲಿ, ಬಲತೋಳು ಬಿಳಿ. ಮಾವ ತನ್ನದನ್ನು ಹಾಕಿಕೊಂಡು ಮಡಕಶಿರದ ಪೇಟೆಯಲ್ಲಿ ಇದು ದಿಲ್ಲಿ ಫ್ಯಾಷನ್ ಎಂದು ತಿರುಗುತ್ತಾನಂತೆ. ಇಬ್ಬರು ತಮಗೂ ಬೇಕೆಂದು ಕೇಳಿದರಂತೆ. ನನ್ನದನ್ನು ನಾನು ಕಾಲೇಜಿಗೆ ಒಮ್ಮೆ ಹಾಕಿಕೊಂಡು ಹೋಗಿ, ಹಿಮಾಲಯದಿಂದ ತರಿಸಿದ್ದು ಎಂದೆ. ಎಲ್ಲರೂ ನಂಬಿದರು. ಮನೆಗೆ ಬಂದು ಮಡಚಿ ಇಟ್ಟೆ.

ಅಪ್ಪ ಈಗ ಶೆಡ್ಡಿಗೆ ಹೋಗುವುದಿಲ್ಲ. ಅವ್ವ ಮನೆಯಲ್ಲೇ ಹೊಲಿಯುವ ಪ್ಯಾಂಟುಗಳ ದಾರದ ತುದಿಗಳನ್ನು ಬೆರಳಿನಿಂದ ಹುಡುಕಿ ಕತ್ತರಿಸುತ್ತಾನೆ. ಡಿಸೆಂಬರಿನ ಬೆಳಗ್ಗೆ ಸ್ವಲ್ಪ ಚಳಿ ಇದ್ದಾಗ ಆ ಕೋಟು ಹಾಕಿಕೊಂಡು ಬಾಗಿಲ ಕಟ್ಟೆಯ ಮೇಲೆ ಕೂರುತ್ತಾನೆ. ಒಂದು ದಿನ ದಾರಿ ಹೇಳು ಎಂದ. ಹೇಳಿದೆ. ಗುಂತಕಲ್ಲು, ಎದುರು ಸೀಟಿನವರ ಜಗಳ, ಗುಡ್ಡಕ್ಕೆ ಹೆದರಿದ ರೈಲು, ಹೊಸೆದ ಹಗ್ಗದ ರಸ್ತೆ. ನಗಬೇಕಾದ ಕಡೆಯೆಲ್ಲ ನಕ್ಕ. ಗಂಟೆಗಳ ಗುಡಿಯವರೆಗೆ ಬಂದೆ. ಅದರಾಚೆಯ ತಿರುವಿನಲ್ಲಿ ನಿಂತುಬಿಟ್ಟೆ.

"ಮುಂದ?" ಅಂದ ಅಪ್ಪ. "ಹಿಮ ಹೆಂಗೈತಿ?"

ಒಂದಕ್ಕೆ ಹತ್ತು ಸೇರಿಸುವ ಬಾಯಿ ನನ್ನದು. ಆದರೆ ಸೇರಿಸಲು ಮೊದಲು ಒಂದಾದರೂ ಇರಬೇಕಲ್ಲ. ಹಿಮವನ್ನು ನಾನೂ ನೋಡಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದನ್ನು ಹೇಳಿದೆ: "ನಿನ್ನ ಬಲತೋಳು ಐತಲ್ಲಪ್ಪ, ಹಂಗೈತಿ."

ಅಪ್ಪ ಎಡಗೈಯಿಂದ ಬಲತೋಳನ್ನು ಭುಜದಿಂದ ಮುಂಗೈವರೆಗೆ ಸವರಿದ. ಆಮೇಲೆ ಬಲಗೈಯಿಂದ ಎಡತೋಳನ್ನು.

"ಎರಡೂ ಒಂದ ಥರ ಅದಾವಲ್ಲ," ಅಂದ.